ಪದಚರ್ಚೆ: ಗ್ಲೈಡರ್ ಹಾರಿಸುವ ಹುಲ್ಲುನೆಲಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಎರಡು ದಿನದಿಂದ ತಲೆ ತಿನ್ನುತ್ತಿದೆ.

ವಿಜಯಪುರದ ನಮ್ಮ ಓಣಿಯ ಹುಡುಗನೊಬ್ಬ ಪುಣೆಯ ಹಡಪಸರದ ಗ್ಲೈಡಿಂಗ್ ಕೇಂದ್ರ (ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ) ನೋಡಿ ಬಂದು ಕಾಲೇಜು ಸಂಚಿಕೆಗೆ ಲೇಖನ ಬರೆದಿದ್ದಾನೆ. ತಿದ್ದಲು ನನಗೆ ಕೊಟ್ಟ. ಮೊದಲ ಸಾಲಿನಲ್ಲೇ ‘ವಿಮಾನ ನಿಲ್ದಾಣ’ ಅಂತಿದೆ. ಹಾಗಂದರೆ ನನಗೆ ಬೆಳಗಾವಿಯ ಸಾಂಬ್ರಾ ಕಣ್ಣಿಗೆ ಬರುತ್ತದೆ. ಟಿಕೆಟ್, ಬ್ಯಾಗ್ ತಪಾಸಣೆ, ಉದ್ದನೆಯ ಡಾಂಬರು ರನ್‌ವೇ. ಅವನು ಬರೆದಿರುವುದು ಹುಲ್ಲಿನ ನೆಲದ ಬಗ್ಗೆ.

ಅವನ ಲೇಖನದಲ್ಲಿ ಒಂದು ಚಿತ್ರ ಚೆನ್ನಾಗಿದೆ. ಗ್ಲೈಡರ್‌ಗೆ ಹೊಟ್ಟೆಯಡಿ ಒಂದೇ ದೊಡ್ಡ ಚಕ್ರ. ಹಾಗಾಗಿ ನಿಂತಾಗ ಒಂದು ರೆಕ್ಕೆ ನೆಲಕ್ಕೆ ಒರಗಿರುತ್ತದೆ, ಕೊಳ್ಳು ಹರಿದ ಚಕ್ಕಡಿ ಹಾಗೆ. ಹೊರಡುವಾಗ ಒಬ್ಬ ಆ ರೆಕ್ಕೆಯ ತುದಿ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ಓಡುತ್ತಾನೆ. ದೂರದಲ್ಲಿ ವಿಂಚ್ ಎಂಬ ಯಂತ್ರ ಗ್ಲೈಡರ್‌ಗೆ ಕಟ್ಟಿದ ಹಗ್ಗವನ್ನು ಸುತ್ತಿ ಎಳೆಯುತ್ತದೆ. ಒಂದು ನಿಮಿಷದೊಳಗೆ 300-400 ಮೀಟರ್ ಮೇಲೆ! ನಾವು ಗಾಳಿಪಟ ಎಬ್ಬಿಸಿದ ಹಾಗೇ, ಅಲ್ವಾ? ನೆಲ ಅಗಲವಾಗಿದ್ದರೆ ಗಾಳಿ ಯಾವ ಕಡೆಯಿಂದ ಬೀಸಿದರೂ ಅದಕ್ಕೆ ಎದುರಾಗಿ ಇಳಿಯಬಹುದು. (ಮಳೆಗಾಲದಲ್ಲಿ ನಮ್ಮ ಎರೆ ಹೊಲಕ್ಕೆ ಇಳಿಸಿದರೆ ಮಾತ್ರ ಎತ್ತು ಹೂಡಿ ಎಳೆಯಬೇಕಾದೀತು.)

ಹಾಗಾದರೆ ಇಂಥ ಜಾಗಕ್ಕೆ ಏನನ್ನೋಣ? ಬೆಳಗಾವಿಯ ಗೆಳೆಯರೊಬ್ಬರು ಮರಾಠಿಯ ‘ವಿಮಾನತಳ’ ಸೂಚಿಸಿದರು. ಅದೂ ಏರ್‌ಪೋರ್ಟೇ. ‘ಮೈದಾನ’ ಅಂದರೆ ಕ್ರಿಕೆಟ್. ‘ಗಾಯರಾಣ’ ಅಂದರೆ ದನ, ಒತ್ತುವರಿ, ತಹಶೀಲ್ದಾರ್ ಕಚೇರಿ.

ನನ್ನ ಆಯ್ಕೆ ‘ಹಾರುಬಯಲು’. ‘ಹಾರುಬೂದಿ’ ಬಳಕೆಗೆ ಬಂದಿದೆಯಲ್ಲ, ಅದೇ ಜಾಡು. ಮನೆಯಲ್ಲಿ ಹೇಳಿದೆ, ಹೆಂಡತಿ ನಕ್ಕಳು. ನಮ್ಮ ಕಡೆ ‘ಬಯಲಿಗೆ ಹೋಗ್ಯಾನ’ ಅಂದರೆ ಕೈಯಲ್ಲಿ ತಂಬಿಗೆ ಇರುತ್ತದೆ. ಆಕ್ಷೇಪ ಸರಿಯೇ. ಆದರೂ ಈ ಪದ ಬಿಡಲು ಮನಸ್ಸಿಲ್ಲ. ಬಯಲಾಟ, ಬಯಲುಸೀಮೆಯ ಬಯಲು ಕಾಲ ಕೆಳಗಿನ ನೆಲ. ಶರಣರ ವಚನಗಳ ಬಯಲು ಶೂನ್ಯ, ಅಂಚೇ ಇಲ್ಲದ ತೆರವು. ಎಂಜಿನ್ ಇಲ್ಲದೆ ಮೇಲೇರುವವನಿಗೆ ಎರಡೂ ಬೇಕು. ಬಸವನ ಬಾಗೇವಾಡಿ ಪಕ್ಕದಲ್ಲಿ ಇದ್ದುಕೊಂಡು ಇಂಥ ಪದವನ್ನು ಒಂದು ತಂಬಿಗೆಗಾಗಿ ಬಿಡೋದಾ?

ಇನ್ನೊಂದು ತೊಡಕು ಕ್ರಿಯಾಪದದ್ದು. ಗ್ಲೈಡರ್ ‘ತೇಲುತ್ತದೆ’ ಅಂತ ಹುಡುಗ ಬರೆದಿದ್ದಾನೆ. ನಿಜವಾಗಿ ಅದು ಗಾಳಿಯಲ್ಲಿ ಸದಾ ಕೆಳಗೆ ಜಾರುತ್ತಲೇ ಇರುತ್ತದೆ. ಸುತ್ತಲಿನ ಗಾಳಿಯೇ ಅದು ಜಾರುವುದಕ್ಕಿಂತ ಜೋರಾಗಿ ಏರಿದಾಗ ಮಾತ್ರ ಅದೂ ಮೇಲೇರುತ್ತದೆ. ಆ ಗಾಳಿಗೆ ಅವನು ‘ಬಿಸಿಗಾಳಿ’ ಅಂದಿದ್ದ. ಅದು ಮುಖಕ್ಕೆ ಹೊಡೆಯುವ ಝಳ ಆಗುತ್ತದೆ ಅಂತ ‘ಏರುಗಾಳಿ’ ಮಾಡಿದೆ. ಏಪ್ರಿಲ್ ಮಧ್ಯಾಹ್ನ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಸುತ್ತುತ್ತಾ ಚುಕ್ಕೆಯಾಗುವುದು ಇದೇ ಗಾಳಿಯಲ್ಲಿ. ನಾವು ಸುಮ್ನೆ ‘ಗಿರಕಿ ಹೊಡೀತದ’ ಅಂತೀವಿ. ಆ ಮಾತಿನಲ್ಲಿ ಸುತ್ತುವ ಅರ್ಥ ಇದೆ, ಏರುವ ಅರ್ಥ ಇಲ್ಲ. ಬಾಗಲಕೋಟೆ, ಬೆಳಗಾವಿ ಕಡೆ ಹೀಗೆ ಸುತ್ತುತ್ತಾ ಏರುವುದಕ್ಕೆ ಬೇರೆ ಮಾತಿದೆಯಾ? ಕುರಿ ಕಾಯುವವರ ಬಾಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಸಂಚಿಕೆ ಅಚ್ಚಿಗೆ ಹೋಗುವುದು ಬರುವ ಸೋಮವಾರ.