ಕೋರ್ಸಿನಲ್ಲಿ ಏನಿರಬೇಕು ಅಂತ ಕಲಿಯುವವರನ್ನೇ ಕೇಳಿ ನೋಡಿದ್ದೀರಾ?

ಕೇಳಿದವರು: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಸಂಜೆ ಕನ್ನಡ ಹೇಳಿಕೊಡುತ್ತೇನೆ. 14 ಜನ, 12 ವಾರ. ಹೆಚ್ಚಿನವರ ಮನೆಮಾತು ಹಿಂದಿ, ಮಲಯಾಳಂ. ಏನು ಕಲಿಯಬೇಕು ಅಂತ ಅವರೇ ಹೇಳಲಿ ಅಂದುಕೊಂಡು ಮೊದಲ ದಿನ ಕೇಳಿದೆ. ಎಲ್ಲರೂ "ನೀವೇ ಹೇಳಿ ಮೇಡಂ" ಅಂದರು. ಮುಂದೇನು ಮಾಡಲಿ?

ಸಂಜೆ ಕ್ಲಾಸಿನ ಮೇಷ್ಟ್ರು: ನಾನೂ ಹಾಗೇ ಕೇಳಿ ಪೆಚ್ಚಾದವನು. ಭಾಷೆಯೇ ಬಾರದವರಿಗೆ ಅದರಲ್ಲಿ ಏನೇನಿದೆ ಅಂತ ಹೇಗೆ ಗೊತ್ತಿರುತ್ತೆ, ಅಲ್ವಾ? ಮುಂದಿನ ಬ್ಯಾಚಿಗೆ ಪ್ರಶ್ನೆ ಬದಲಿಸಿದೆ. ಈ ವಾರ ಕನ್ನಡ ಬಾರದೆ ಎಲ್ಲಿ ಒದ್ದಾಡಿದಿರಿ? ಚೀಟಿಯಲ್ಲಿ ಬರೆದು ತನ್ನಿ, ಯಾವ ಭಾಷೆಯಾದರೂ ಸರಿ. ಐದು ಚೀಟಿಯಲ್ಲಿ ಒಂದೇ ಗೋಳು: ಮನೆಕೆಲಸದವರು ಫೋನಿನಲ್ಲಿ ಏನೋ ಅಂದರು, ಬರ್ತಾರೋ ಇಲ್ವೋ ತಿಳಿಯಲಿಲ್ಲ. ಅಂದರೆ ಬರ್ತೀನಿ, ಬರಲ್ಲ, ಬರೋಕಾಗಲ್ಲ, ಬಂದಿಲ್ಲ. ನನ್ನ ಪಟ್ಟಿಯಲ್ಲಿ ಇದು ಒಂಬತ್ತನೇ ವಾರಕ್ಕಿತ್ತು. ಎರಡನೇ ವಾರಕ್ಕೇ ಎಳೆದು ತಂದೆ. "ಹೋಗುತ್ತೇನೆ" ಬಿಟ್ಟು "ಹೋಗ್ತೀನಿ"ಯಿಂದಲೇ ಶುರು ಮಾಡಿದೆ. ಬೀದಿಯಲ್ಲಿ ಕಿವಿಗೆ ಬೀಳುವುದು ಅದೇ ತಾನೇ.

ಆದರೆ ಎಲ್ಲವನ್ನೂ ಚೀಟಿಗೆ ಬಿಡಬೇಡಿ. "ನನಗೆ" ಕಲಿಸಿ ಅಂತ ಯಾರೂ ಬರೆಯುವುದಿಲ್ಲ. ನನಗೆ ಬೇಕು, ನನಗೆ ಗೊತ್ತು, ನನಗೆ ಹಸಿವಾಗಿದೆ, ಎಲ್ಲಾ ನಿಂತಿರುವುದು ಅದರ ಮೇಲೆ. ಹಿಂದಿಯವರಿಗೆ "ಮುಝೇ", ಮಲಯಾಳಿಗಳಿಗೆ "ಎನಿಕ್ಕ್" ಅಂದರೆ ತಟ್ಟನೆ ಹಿಡಿಯುತ್ತಾರೆ. ಗಂಟೆಯಲ್ಲಿ 20 ನಿಮಿಷ ನನ್ನದು, 40 ಚೀಟಿಯದು.

ಅಕ್ಷರ ಕಲಿಸುವವಳು: ಓದು ಬರಹಕ್ಕೂ ಇದು ಒಗ್ಗುತ್ತೆ. ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ 1963ರಲ್ಲಿ ಬ್ರೆಜಿಲಿನ ಆಂಜಿಕೋಸ್‌ನಲ್ಲಿ ಸುಮಾರು 300 ದುಡಿಮೆಗಾರರಿಗೆ 40 ಗಂಟೆಯಲ್ಲಿ ಓದು ಕಲಿಸಲು ಹೊರಟಾಗ, ಅವರ ಬಾಯಲ್ಲಿ ದಿನವೂ ಓಡಾಡುವ ಪದಗಳಿಂದಲೇ ಶುರು ಮಾಡಿದ್ದರು. ನಾನು ಹಿಡಿದದ್ದು ಬಸ್ಸಿನ ಬೋರ್ಡು. ದಿನಾ ಹೋಗುವ ಜಾಗದ ಹೆಸರು ಕೊಡಿ ಅಂದೆ. ಮಾರತಹಳ್ಳಿ, ಬನಶಂಕರಿ, ಯಲಹಂಕ ಬಂದವು. "ಹಳ್ಳಿ" ಒಂದು ಗುರುತು ಸಿಕ್ಕಿದರೆ ಬೊಮ್ಮನಹಳ್ಳಿ, ಜಾಲಹಳ್ಳಿ ಎಲ್ಲಾ ಅರ್ಧ ಓದಿದ ಹಾಗೆ. 49 ಅಕ್ಷರದಲ್ಲಿ ಙ, ಞ ಇನ್ನೂ ಯಾರೂ ಕೇಳಿಲ್ಲ!

ಇನ್ನೊಬ್ಬರು: ಕೈ ಎತ್ತಿಸಿ ಓಟು ಮಾತ್ರ ಹಾಕಿಸಬೇಡಿ. ನಮ್ಮಲ್ಲಿ ಐಟಿ ಹುಡುಗರು ಜಾಸ್ತಿ, ಆಟೋ ಮತ್ತು ಹೋಟೆಲ್ ಗೆದ್ದವು. ಮೂಲೆಯಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ನಾಲ್ಕನೇ ವಾರ ಬರಲೇ ಇಲ್ಲ. ಫೋನ್ ಮಾಡಿದೆ. "ನನಗೆ ಬೀಗಿತ್ತಿ ಜೊತೆ ಮಾತಾಡಬೇಕಿತ್ತಮ್ಮಾ" ಅಂದರು. ಆಟೋ ಪಾಠ ಅವರಿಗೆ ಯಾಕೆ? ಅವರಿಗೆ ಬೇಕಾದದ್ದು "ಬನ್ನಿ, ಕೂತ್ಕೊಳ್ಳಿ, ಇನ್ನೂ ಸ್ವಲ್ಪ ಬಡಿಸ್ಲಾ?" ಬೀಗಿತ್ತಿಗೆ "ಬಾ" ಅಂದರೆ ಮುಗೀತು ಕತೆ. ಅವತ್ತಿಂದ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳುತ್ತೇನೆ: ಕನ್ನಡದಲ್ಲಿ ನೀವು ಮಾತಾಡಬೇಕು ಅಂದುಕೊಂಡಿರುವ ಒಬ್ಬರು ಯಾರು?

ಕೇಳಿದವರು: ಚೀಟಿ ಕೊಟ್ಟೆ. 14ರಲ್ಲಿ 9 ವಾಪಸ್ ಬಂದವು. ನಾಲ್ಕರಲ್ಲಿ ಒಂದೇ ದೂರು: ನಾವು ಕಷ್ಟಪಟ್ಟು ಕನ್ನಡದಲ್ಲಿ ಶುರು ಮಾಡಿದರೆ ಎದುರಿನವರು ಹಿಂದಿಗೆ ತಿರುಗಿಬಿಡುತ್ತಾರೆ! ಇದು ನನಗೆ ಹೊಳೆದೇ ಇರಲಿಲ್ಲ. ಈ ಶನಿವಾರದ ಪಾಠ ಎರಡೇ ಮಾತು: "ಕನ್ನಡದಲ್ಲೇ ಹೇಳಿ. ಕಲೀತಾ ಇದ್ದೀನಿ."