ಜ್ವರದಲ್ಲಿ ಸೆಳೆತ ಬಂದ ಮಗು, ಇನ್ನೂ ಬಾರದ ಮಾತು: ತಿಳಿದವರು ದಾರಿ ತೋರಿಸಿ

ಪ್ರಶ್ನೆ: ತೀರ್ಥಹಳ್ಳಿ ಸೀಮೆಯ ತಾಯಿ

ನನ್ನ ಮಗನಿಗೆ ಈಗ 17 ತಿಂಗಳು. ಚೊಚ್ಚಲ ಮಗು. ಹೋದ ಮಂಗಳವಾರ ನಡೆದದ್ದನ್ನು ಈವರೆಗೆ ಯಾರ ಮುಂದೆಯೂ ಪೂರ್ತಿಯಾಗಿ ಹೇಳಲು ಆಗಿಲ್ಲ. ಹೇಳಲು ಹೊರಟರೆ ಗಂಟಲು ಕಟ್ಟುತ್ತದೆ. ಬರೆದರೆ ಆದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಸ್ವಲ್ಪ ಮೂಗು ಸೋರುತ್ತಿತ್ತು. ಮಧ್ಯಾಹ್ನ ಗಂಜಿಗೆ ಮುಖ ತಿರುಗಿಸಿದ. ಸಂಜೆ ಎತ್ತಿಕೊಂಡಾಗ ಮೈ ಸುಡುತ್ತಿತ್ತು. ಥರ್ಮಾಮೀಟರ್ 102.6 ತೋರಿಸಿತು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್. ಕುಡಿಸಿದೆ. ಅರ್ಧ ಗಂಟೆಯೂ ಕಳೆದಿರಲಿಲ್ಲ, ನನ್ನ ಮಡಿಲಿನಲ್ಲೇ ಮೈ ಸೆಟೆದುಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೋದವು, ಕೈಕಾಲು ಒಂದೇ ಸಮನೆ ಅದುರತೊಡಗಿದವು, ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಮಗು ನಮ್ಮ ಕೈಬಿಟ್ಟಿತು ಎಂದೇ ತಿಳಿದೆ.

ನಮ್ಮವರು ಅಡಿಕೆಗೆ ಔಷಧಿ ಹೊಡೆಸಲು ಮೇಲಿನ ತೋಟಕ್ಕೆ ಹೋಗಿದ್ದರು. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ನಾಲಿಗೆ ಕಚ್ಚಿಕೊಳ್ಳುತ್ತಾನೆಂದು ಅತ್ತೆ ಬಾಯಿಗೆ ಚಮಚ ಇಟ್ಟರು, ಒಸಡಿನಿಂದ ರಕ್ತ ಬಂತು. ಪಕ್ಕದ ಮನೆಯವರು ಓಡಿ ಬಂದು ಕಬ್ಬಿಣದ ಬೀಗದ ಕೈ ಹಿಡಿಸಿದರು, ಈರುಳ್ಳಿ ಜಜ್ಜಿ ಮೂಗಿನ ಹತ್ತಿರ ಹಿಡಿದರು. ನಾನು ತಲೆಯ ಮೇಲೆ ತಣ್ಣೀರು ಸುರಿದೆ. ಅವರದೇ ಜೀಪಿನಲ್ಲಿ, ಆ ಮಳೆಯಲ್ಲಿ, 22 ಕಿಲೋಮೀಟರ್ ಹೋದೆವು. ಊರಿನ ಸೇತುವೆ ದಾಟುವ ಮೊದಲೇ ಕೈಕಾಲು ಸಡಿಲವಾಗಿ ನಿದ್ದೆಗೆ ಜಾರಿದ್ದ. ಇದು ಜ್ವರದ ಸೆಳೆತ, ಭಯ ಬೇಡ ಎಂದರು ವೈದ್ಯರು. ಒಂದು ರಾತ್ರಿ ಇರಿಸಿಕೊಂಡು, ರಕ್ತ ಪರೀಕ್ಷೆ ಮಾಡಿ, ಮೂಗಿಗೆ ಹೊಡೆಯುವ ಒಂದು ಸ್ಪ್ರೇ ಬರೆದುಕೊಟ್ಟು ಕಳಿಸಿದರು.

ಈಗ ರಾತ್ರಿ ಒಂದಕ್ಕೆ, ಮೂರಕ್ಕೆ ತಾನಾಗಿ ಎಚ್ಚರವಾಗಿ ಅವನ ಹಣೆ ಮುಟ್ಟಿ ನೋಡುತ್ತೇನೆ. ಅತ್ತೆ ಬಾಲಗ್ರಹವೆಂದು ತಾಯಿತ ಕಟ್ಟಿಸಿದ್ದಾರೆ. ಅವರೂ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಇದು ಮತ್ತೆ ಬರುತ್ತದೆಯೇ? ಮುಂದೆ ಮೂರ್ಛೆ ರೋಗವಾಗುತ್ತದೆಯೇ? ಮಿದುಳಿಗೆ ಏನಾದರೂ ಆಗಿದೆಯೇ?

ಇನ್ನೊಂದು ಮಾತು. ಅವನು ಇನ್ನೂ ಮಾತಾಡುವುದಿಲ್ಲ, ಅಮ್ಮ ಎಂದೂ ಇಲ್ಲ. 13 ತಿಂಗಳಿಗೆ ನಡೆದ, ನಗುತ್ತಾನೆ, ಬೇಕಾದುದಕ್ಕೆ ನನ್ನ ಬೆರಳು ಹಿಡಿದು ಎಳೆದುಕೊಂಡು ಹೋಗುತ್ತಾನೆ. ಹಿಂದಿನಿಂದ ಕರೆದರೆ ಮನಸ್ಸು ಬಂದಾಗ ಮಾತ್ರ ತಿರುಗುತ್ತಾನೆ. ಕಿವಿ ಸರಿಯಾಗಿಯೇ ಇರಬೇಕು, ಅವರ ಅಪ್ಪನ ಬೈಕ್ ಬಂದರೆ ಜಗಲಿಗೆ ಓಡುತ್ತಾನೆ. ಅವರ ಅಪ್ಪನೂ ಬಾಯಿ ಬಿಟ್ಟದ್ದು ಮೂರು ವರ್ಷಕ್ಕೇ ಎನ್ನುತ್ತಾರೆ ಮನೆಯಲ್ಲಿ. ಈ ಸೆಳೆತದಿಂದ ಮಾತು ಇನ್ನಷ್ಟು ತಡವಾಗುತ್ತದೆಯೇ ಎಂಬುದು ನನ್ನ ಚಿಂತೆ.

ಉತ್ತರ 1: ಹುಬ್ಬಳ್ಳಿಯಿಂದ ಒಬ್ಬ ತಾಯಿ

ತಂಗಿ, ನಿನ್ನ ಬರಹ ಓದಿ ಕಣ್ಣು ತುಂಬಿತು. ನನ್ನ ಮಗನಿಗೆ 11 ತಿಂಗಳಿಗೆ ಮೊದಲು ಬಂತು, ಆಮೇಲೆ ಎರಡು ಸಲ ಬಂತು. ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯೂ ಬಂದಿಲ್ಲ. ಈಗ ಎರಡನೆಯ ತರಗತಿ, ಲೆಕ್ಕದಲ್ಲಿ ಚುರುಕು. ಮಾತಿನ ಬಗ್ಗೆ ಚಿಂತೆ ಬೇಡ, ಗಂಡು ಮಕ್ಕಳಿಗೆ ಮಾತು ತಡ. ಧೈರ್ಯವಾಗಿರು.

ಉತ್ತರ 2: ದಾವಣಗೆರೆಯ ನಿವೃತ್ತ ಶುಶ್ರೂಷಕಿ

ನೋಡಮ್ಮ, ಮಕ್ಕಳ ವಾರ್ಡಿನಲ್ಲಿ ನಾನು 31 ವರ್ಷ ಕೆಲಸ ಮಾಡಿದ್ದೇನೆ. ನೀನು ಜೀಪಿನಲ್ಲಿ ಕುಳಿತು ಹೋದ ಆ ದಾರಿಯ ಕೊನೆಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಮಗುವನ್ನು ಕೈಗೆ ತೆಗೆದುಕೊಳ್ಳುತ್ತಿದ್ದವಳು ನಾನು. ಆದ್ದರಿಂದ ಬಿಡಿಸಿ ಹೇಳುತ್ತೇನೆ, ಉದ್ದವಾದರೆ ಬೇಸರಿಸಬೇಡ.

ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದಲ್ಲಿ ಹೀಗೆ ಸೆಳೆತ ಬರುತ್ತದೆ. ಆ ವಯಸ್ಸಿನ ಮಿದುಳು ಜ್ವರಕ್ಕೆ ತೋರಿಸುವ ಪ್ರತಿಕ್ರಿಯೆ ಅದು. ಮೈಯೆಲ್ಲ ಅದುರಿ, 15 ನಿಮಿಷದೊಳಗೆ ತಾನಾಗಿ ನಿಂತು, ಅದೇ ದಿನ ಮತ್ತೆ ಬಾರದಿದ್ದರೆ ಅದನ್ನು ಸರಳ ಸೆಳೆತ ಎನ್ನುತ್ತೇವೆ. ಅದರಿಂದ ಮಿದುಳು ಕೆಡುವುದಿಲ್ಲ, ಬುದ್ಧಿ ಮಂಕಾಗುವುದಿಲ್ಲ. ಮರಳಿ ಬರಬಹುದೇ ಎಂದರೆ, ಬರಬಹುದು: ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ವರ್ಷ ತುಂಬುವ ಮೊದಲೇ ಮೊದಲ ಸಲ ಬಂದ ಮಕ್ಕಳಲ್ಲಿ ಇನ್ನೂ ಹೆಚ್ಚು. ಮುಂದೆ ಮೂರ್ಛೆ ರೋಗವಾಗುವುದು ಬಹಳ ಕಡಿಮೆ, ಉಳಿದ ಮಕ್ಕಳಿಗಿಂತ ಒಂದಿಷ್ಟು ಮಾತ್ರ ಹೆಚ್ಚು.

ಮತ್ತೆ ಬಂದರೆ ಏನು ಮಾಡಬೇಕು? ಮೊದಲು ಗಡಿಯಾರ ನೋಡು. ನಿನ್ನಂಥ ಎಷ್ಟೋ ತಾಯಂದಿರು ಅರ್ಧ ಗಂಟೆ ಅದುರಿತು ಎನ್ನುತ್ತಿದ್ದರು, ಜೊತೆಗೆ ಬಂದವರನ್ನು ಕೇಳಿದರೆ ಎರಡು ಮೂರು ನಿಮಿಷ ಎಂದು ತಿಳಿಯುತ್ತಿತ್ತು. ಆ ಲೆಕ್ಕ ವೈದ್ಯರಿಗೆ ಬೇಕು. ನೆಲದ ಮೇಲೆ ಚಾಪೆ ಹಾಸಿ ಒಂದು ಮಗ್ಗುಲಿಗೆ ಮಲಗಿಸು, ನೊರೆ ವಾಂತಿ ಇದ್ದರೆ ಹೊರಗೆ ಹರಿದು ಹೋಗಲಿ. ಕುತ್ತಿಗೆಯ ಗುಂಡಿ ಸಡಿಲಿಸು. ಕೈಕಾಲು ಅದುಮಿ ಹಿಡಿಯಬೇಡ. ಬಾಯಿಗೆ ಏನನ್ನೂ ಹಾಕಬೇಡ: ಚಮಚ ಬೇಡ, ಬೆರಳು ಬೇಡ, ನೀರು ಬೇಡ, ಔಷಧಿಯೂ ಬೇಡ. ಚಮಚದಿಂದ ಮುರಿದ ಹಾಲುಹಲ್ಲು ಶ್ವಾಸನಾಳಕ್ಕೆ ಇಳಿದರೆ ಸೆಳೆತಕ್ಕಿಂತ ದೊಡ್ಡ ಅಪಾಯ. ಕಬ್ಬಿಣ ಹಿಡಿಸಿದಾಗ ನಿಂತಿತೆಂದು ಜನ ನಂಬುವುದು ಏಕೆಂದರೆ, ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಸೆಳೆತ ತಾನಾಗಿಯೇ ನಿಲ್ಲುವ ಹೊತ್ತಾಗಿರುತ್ತದೆ. ಐದು ನಿಮಿಷ ದಾಟಿದರೆ, ಸೆಳೆತ ನಿಲ್ಲಿಸಲೆಂದು ವೈದ್ಯರು ಬರೆದುಕೊಟ್ಟ ಆ ಮೂಗಿನ ಸ್ಪ್ರೇ ಬೇಕಾಗುತ್ತದೆ. ಎಷ್ಟು ಸಲ, ಯಾವ ಹೊಳ್ಳೆಗೆ ಎಂದು ನಿಮ್ಮ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸು, ಅತ್ತೆಗೂ ತೋರಿಸಿಕೊಡು. ಕೊಟ್ಟ ಮೇಲೆ ಆಸ್ಪತ್ರೆಗೆ ಹೊರಡಲೇಬೇಕು. ಅದೇ ದಿನ ಎರಡನೆಯ ಸಲ ಬಂದರೆ, ಮೈಯ ಒಂದೇ ಪಕ್ಕ ಅದುರಿದರೆ, ನಿಂತು ಒಂದು ಗಂಟೆಯಾದರೂ ಮಗು ನಿಮ್ಮನ್ನು ಗುರುತಿಸದಿದ್ದರೆ, ಕುತ್ತಿಗೆ ಬಿಗಿದಿದ್ದರೆ, ವಾಂತಿ ನಿಲ್ಲದಿದ್ದರೆ ಕಾಯಬೇಡ.

5 ಎಂ.ಎಲ್. ಕೊಟ್ಟೆ ಎಂದೆಯಲ್ಲ, ಅಲ್ಲಿ ನನ್ನ ಕಣ್ಣು ನಿಂತಿತು. ಯಾವ ಬಾಟಲಿ ಅದು? ಅಂಗಡಿಯಲ್ಲಿ 5 ಎಂ.ಎಲ್.ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹನಿ ಔಷಧಿಯಲ್ಲಂತೂ ಒಂದೇ ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಬಾಟಲಿಗಳು ನೋಡಲು ಒಂದೇ ತೆರನಾಗಿರುತ್ತವೆ. ಈ ಔಷಧಿಯನ್ನು ಮಗುವಿನ ತೂಕ ನೋಡಿ, ಕಿಲೋಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಾಲ್ಕರಿಂದ ಆರು ಗಂಟೆ ಬಿಟ್ಟು ಕೊಡುತ್ತಾರೆ. ಹತ್ತು ಕಿಲೋ ಮಗುವಿಗೆ 120ರ ಬಾಟಲಿಯಲ್ಲಿ ಆರು ಎಂ.ಎಲ್. ಆದರೆ 250ರ ಬಾಟಲಿಯಲ್ಲಿ ಮೂರೇ. ಬಾಟಲಿ ತೆಗೆದುಕೊಂಡು ಹೋಗಿ, ಮಗುವನ್ನು ತೂಗಿಸಿ, ಅಳತೆಯನ್ನು ಬಾಟಲಿಯ ಮೇಲೆಯೇ ಬರೆಸಿಕೊಂಡು ಬಾ. ಇದು ಮಗುವಿನ ಸಂಕಟ ಇಳಿಸಲು ಕೊಡುವ ಔಷಧಿ, ಸೆಳೆತ ಬಾರದಂತೆ ತಡೆಯುವ ಶಕ್ತಿ ಇದಕ್ಕಿಲ್ಲ. ಹಾಗಾಗಿ ನಡುರಾತ್ರಿ ಎದ್ದು ಹಣೆ ಮುಟ್ಟಿ ನೋಡಿದರೂ ನೋಡದಿದ್ದರೂ ಬರುವುದಿದ್ದರೆ ಬರುತ್ತದೆ. ನಿನ್ನಿಂದ ತಪ್ಪಾಗಿಲ್ಲಮ್ಮ, ನಿದ್ದೆ ಮಾಡು. ತಣ್ಣೀರು ಮಾತ್ರ ಸುರಿಯಬೇಡ, ನಡುಕ ಹುಟ್ಟಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕು.

ಇನ್ನು ಮಾತಿನ ವಿಷಯ. ಹುಬ್ಬಳ್ಳಿಯ ತಾಯಿ ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ನಾನು ಒಪ್ಪುವುದಿಲ್ಲ. ನೀನು ಮಂಗಳವಾರದ ಸೆಳೆತಕ್ಕೆ ಹೆದರಿದ್ದೀಯೆ. ನಾನು ಹೆದರಿದ್ದು ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂಬ ನಿನ್ನ ಒಂದು ಸಾಲಿಗೆ. ಹದಿನಾರು ತಿಂಗಳಾದರೂ ಅರ್ಥವಿರುವ ಒಂದು ಮಾತೂ ಇಲ್ಲದ ಮಗುವಿಗೆ ಕಿವಿ ಪರೀಕ್ಷೆ ಆಗಲೇಬೇಕು, ಗಂಡಾದರೂ ಹೆಣ್ಣಾದರೂ. ಸೆಳೆತಕ್ಕೂ ಇದಕ್ಕೂ ಸಂಬಂಧವಿಲ್ಲ, ಮಂಗಳವಾರಕ್ಕೆ ಮೊದಲೂ ಅವನು ಮಾತಾಡುತ್ತಿರಲಿಲ್ಲ.

ನಾನು ಹೀಗೆ ಒತ್ತಿ ಹೇಳಲು ಕಾರಣವಿದೆ. ನಮ್ಮ ಬೀದಿಯ ಒಂದು ಹೆಣ್ಣು ಮಗುವಿನ ತಾಯಿ ಬಂದು ಕೇಳಿದಾಗ, ಬರುತ್ತದೆ ಬಿಡಮ್ಮ, ಕಾಯಿ ಎಂದವಳು ನಾನೇ. ಆಸ್ಪತ್ರೆಯ ಉಡುಪಿನಲ್ಲಿದ್ದವಳ ಮಾತೆಂದು ನಂಬಿ ಅವರು ಕಾದರು. ಕಿವಿ ಕೇಳುವುದಿಲ್ಲವೆಂದು ಗೊತ್ತಾದಾಗ ಆ ಮಗುವಿಗೆ ನಾಲ್ಕು ವರ್ಷ. ಮಾತು ಕಲಿಯುವ ಅತ್ಯುತ್ತಮ ವರ್ಷಗಳು ಅಷ್ಟರಲ್ಲಿ ಕಳೆದಿದ್ದವು. ಈಗ ಅವಳು ದೊಡ್ಡವಳಾಗಿದ್ದಾಳೆ, ನನ್ನನ್ನು ಕಂಡರೆ ನಗುತ್ತಾಳೆ. ನನಗೆ ಆ ನಗುವನ್ನು ಎದುರಿಸುವುದು ಇವತ್ತಿಗೂ ಕಷ್ಟ.

ಎರಡು ಕೆಲಸ ಮಾಡು. ಹೆರಿಗೆಯ ಬಿಡುಗಡೆ ಪತ್ರ ತೆಗೆದು, ಹುಟ್ಟಿದ ದಿನಗಳಲ್ಲಿ ಕಿವಿ ಪರೀಕ್ಷೆ ಮಾಡಿದ್ದರೇ ನೋಡು, ಓಎಇ ಎಂದು ಬರೆದಿರುತ್ತದೆ. ಮತ್ತೆ, ಅವನು ಕಾಗೆಯನ್ನೋ ಚಂದ್ರನನ್ನೋ ಬೆರಳು ಮಾಡಿ ತೋರಿಸಿ, ನೀನು ನೋಡಿದೆಯಾ ಎಂದು ನಿನ್ನ ಮುಖ ನೋಡುತ್ತಾನೆಯೇ? ಅದನ್ನೂ ತಿಳಿಸು.

ಉತ್ತರ 3: ಹಾಸನ ಜಿಲ್ಲೆಯ ಒಬ್ಬ ತಂದೆ

ತಂಗಿ, ಬೈಕ್ ಬಂದರೆ ಓಡುತ್ತಾನೆ ಎಂದು ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನನ್ನ ಮಗಳೂ ನನ್ನ ಸ್ಕೂಟರ್ ಬಂದಾಗ ಬಾಗಿಲಿಗೆ ಓಡುತ್ತಿದ್ದಳು. ಹಾಗಾಗಿ ಕಿವಿ ಕೇಳುತ್ತದೆ ಎಂದು ನಾವೆಲ್ಲ ಧೈರ್ಯವಾಗಿದ್ದೆವು. ನಮ್ಮ ಮನೆಯ ನಾಯಿ ಸತ್ತ ಮೇಲೆ ಅವಳು ಬಾಗಿಲಿಗೆ ಬರುವುದು ನಿಂತಿತು. ನಾಯಿಯನ್ನು ನೆನೆದು ಸಪ್ಪಗಾಗಿದ್ದಾಳೆ ಎಂದುಕೊಂಡೆವು. ಹತ್ತು ಹನ್ನೆರಡು ದಿನಗಳ ಮೇಲೆ ನನ್ನ ತಾಯಿಗೆ ಹೊಳೆಯಿತು: ಸ್ಕೂಟರ್ ಶಬ್ದ ಕೇಳಿ ಏಳುತ್ತಿದ್ದದ್ದು ನಾಯಿ, ನಾಯಿ ಎದ್ದುದನ್ನು ನೋಡಿ ಏಳುತ್ತಿದ್ದಳು ಮಗಳು. ಮಕ್ಕಳು ಕಣ್ಣಿನಿಂದ ಅಷ್ಟು ಜಾಣತನದಿಂದ ಬದುಕುತ್ತವೆ. ನಿಮ್ಮ ಮನೆಯಲ್ಲಿ ಬೈಕಿನ ದೀಪ ಗೋಡೆಯ ಮೇಲೆ ಬೀಳುತ್ತದೆಯೇ? ಅತ್ತೆಯವರು ಏಳುತ್ತಾರೆಯೇ? ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ನೋಡುವುದನ್ನೂ ನಂಬಬೇಡಿ. ಗಾಳಿ ತಾಗುತ್ತದೆ, ನೆಲ ಅದುರುತ್ತದೆ, ನೆರಳು ಕಾಣುತ್ತದೆ.

ಅವಳಿಗೆ ಆಗ ಒಂದು ವರ್ಷ ಹತ್ತು ತಿಂಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಮಗು ಮಲಗಿದ್ದಾಗ ಹಣೆಗೆ, ಕಿವಿಯ ಹಿಂದೆ ಸಣ್ಣ ತಂತಿಗಳನ್ನು ಅಂಟಿಸಿ ಬೆರಾ ಎಂಬ ಪರೀಕ್ಷೆ ಮಾಡುತ್ತಾರೆ. ನೋವಿಲ್ಲ. ಶಬ್ದಕ್ಕೆ ಕಿವಿಯ ನರ, ಮಿದುಳಿನ ಬುಡ ಹೇಗೆ ಸ್ಪಂದಿಸುತ್ತವೆ ಎಂಬುದು ಗೆರೆಗಳಾಗಿ ಮೂಡುತ್ತದೆ. ಮಗು ಉತ್ತರ ಕೊಡಬೇಕಾಗಿಯೇ ಇಲ್ಲ. ನೆಗಡಿಯಿಂದ ಕಿವಿತಮಟೆಯ ಹಿಂದೆ ನೀರು ತುಂಬಿದ್ದರೂ ಕೇಳಿಸುವುದು ಕಡಿಮೆಯಾಗುತ್ತದೆ, ಅದನ್ನೂ ಬೇರೆಯಾಗಿ ನೋಡುತ್ತಾರೆ. ಹಾಗಿದ್ದರೆ ಗುಣಪಡಿಸಬಹುದು.

ನಮ್ಮವಳಿಗೆ ಎರಡೂ ಕಿವಿಗಳಲ್ಲಿ ತೀವ್ರ ದೋಷವಿತ್ತು. ಶ್ರವಣ ಸಾಧನ ಹಾಕಿಸಿದೆವು. ನನ್ನ ಹೆಂಡತಿ ಮೈಸೂರಿನಲ್ಲೇ ಬಾಡಿಗೆ ಕೋಣೆ ಹಿಡಿದು, ಮಗುವಿನ ಜೊತೆ ತಾನೂ ಕುಳಿತು, ದಿನವೂ ಮಾತು ಕಲಿಸುವುದನ್ನು ಕಲಿತಳು. ಮೊದಲ ಸಲ ಸಾಧನ ಹಾಕಿದ ದಿನ ಮಗಳು ತನ್ನ ಗೆಜ್ಜೆಯ ಸದ್ದಿಗೆ ಬೆಚ್ಚಿ ಕಾಲು ನೋಡಿಕೊಂಡಳು. ಒಂದು ವರ್ಷದಿಂದ ಕಾಲಿನಲ್ಲೇ ಇದ್ದ ಗೆಜ್ಜೆ ಅದು. ಈಗ ಒಂಬತ್ತು ವರ್ಷ, ಊರಿನ ಕನ್ನಡ ಶಾಲೆಗೇ ಹೋಗುತ್ತಾಳೆ. ಳಕಾರ ಇನ್ನೂ ಸರಿಯಾಗಿ ಬರುವುದಿಲ್ಲ, ಜಗಳಕ್ಕೆ ಮಾತಿನ ಕೊರತೆಯಿಲ್ಲ.

ಮೈಸೂರು ದೂರವಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂಬ ಮಕ್ಕಳ ಕೇಂದ್ರವನ್ನು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಹಣವಿಲ್ಲದೆ ನೋಡುತ್ತಾರೆ. ಅಂಗನವಾಡಿಗೆ ಬರುವ ವೈದ್ಯರ ತಂಡ ಅದೇ ಕಾರ್ಯಕ್ರಮದ್ದು.

ಪ್ರಶ್ನೆ ಕೇಳಿದ ತಾಯಿ

ಎರಡು ದಿನ ಬರೆಯಲು ಕೈ ಏಳಲಿಲ್ಲ.

ಬಿಡುಗಡೆ ಪತ್ರ ಬೀರುವಿನಲ್ಲಿ, ನಾಮಕರಣದ ಆಮಂತ್ರಣಗಳ ಕೆಳಗೆ ಇತ್ತು. ಓಎಇ ಎಂಬ ಸಾಲಿನ ಮುಂದೆ ಎರಡೂ ಕಿವಿಗಳಿಗೆ ರೆಫರ್ ಎಂದಿದೆ. ತಿಂಗಳು ಬಿಟ್ಟು ಮತ್ತೆ ತೋರಿಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಆಗ ಅವನಿಗೆ ಕಾಮಾಲೆಯಿದ್ದು ನಾಲ್ಕು ದಿನ ನೀಲಿ ದೀಪದ ಕೆಳಗೆ ಇಟ್ಟಿದ್ದರು, ನಮ್ಮ ಗಮನವೆಲ್ಲ ಅದರ ಮೇಲೆಯೇ ಇತ್ತು. ಇದರ ಅರ್ಥ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಮ್ಮ, ಅವನು ಬೆರಳು ಮಾಡಿ ತೋರಿಸುತ್ತಾನೆ, ಕಾಗೆಯನ್ನು, ಮಳೆಯನ್ನು, ತೋರಿಸಿ ನನ್ನ ಮುಖ ನೋಡುತ್ತಾನೆ. ಬಾಟಲಿ 250ರದ್ದೇ ಆಗಿತ್ತು. ಅವನ ತೂಕ 9.8 ಕಿಲೋ. ಔಷಧಿ ಅಂಗಡಿಯವರು ಈಗ ಅದರ ಮೇಲೆ ಕೆಂಪು ಶಾಯಿಯಲ್ಲಿ 3 ಎಂದು ಬರೆದುಕೊಟ್ಟಿದ್ದಾರೆ. ಹಾಸನದ ಅಣ್ಣ, ನಿನ್ನೆ ಸಂಜೆ ಅತ್ತೆಯನ್ನು ಏಳಬೇಡಿ ಎಂದು ಕೇಳಿಕೊಂಡು, ಮುಂಬಾಗಿಲು ಮುಚ್ಚಿ ಕುಳಿತೆವು. ಬೈಕ್ ಅಂಗಳದವರೆಗೆ ಬಂದು ನಿಂತಿತು. ಅವನು ಪಾತ್ರೆ ಮಗುಚಿ ಆಡುತ್ತಲೇ ಇದ್ದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ದಾವಣಗೆರೆಯ ನಿವೃತ್ತ ಶುಶ್ರೂಷಕಿ

ರೆಫರ್ ಎಂದರೆ ಇನ್ನೊಮ್ಮೆ ಪರೀಕ್ಷಿಸಬೇಕು ಎಂದಷ್ಟೇ ಅರ್ಥ, ತೀರ್ಮಾನ ಎಂದು ತಿಳಿಯಬೇಡ. ಎಳೆಗೂಸಿನ ಕಿವಿಯಲ್ಲಿ ಕಸ, ನೀರು ಇದ್ದರೂ ಹಾಗೆ ಬರುತ್ತದೆ. ಆದರೆ ಹೆಚ್ಚು ಕಾಮಾಲೆಯಾದ ಮಕ್ಕಳ ಕಿವಿಯ ಮೇಲೆ ನಾವು ಬೇರೆಯೇ ಕಣ್ಣಿಡುತ್ತೇವೆ, ಕಾಮಾಲೆ ಎಷ್ಟಿತ್ತು ಎಂಬ ರಕ್ತ ಪರೀಕ್ಷೆಯ ಚೀಟಿಯನ್ನೂ ಮರೆಯದೆ ತೆಗೆದುಕೊಂಡು ಹೋಗು. ಸೆಳೆತ ಬಂದಿತ್ತೆಂದು ಅಲ್ಲಿಯವರಿಗೆ ಮೊದಲೇ ಹೇಳು, ಮಲಗಿಸಲು ಔಷಧಿ ಬೇಕಾದರೆ ಅವರಿಗೆ ಗೊತ್ತಿರಬೇಕು. ಸ್ಪ್ರೇ ಚೀಲದಲ್ಲಿರಲಿ. ಬೆರಳು ಮಾಡಿ ತೋರಿಸಿ ನಿನ್ನ ಮುಖ ನೋಡುತ್ತಾನೆ ಎಂದದ್ದು ಕೇಳಿ ನನಗೆ ಸಮಾಧಾನವಾಯಿತು, ಹಾಗೆ ಮಾಡದ ಮಗುವಾದರೆ ಆಟಿಸಂ ಇದೆಯೇ ಎಂದೂ ನೋಡಿಸಬೇಕಾಗುತ್ತಿತ್ತು.

ಪ್ರಶ್ನೆ ಕೇಳಿದ ತಾಯಿ

ಮಕ್ಕಳ ವೈದ್ಯರು ಪತ್ರ ಬರೆದುಕೊಟ್ಟರು. ಭಾನುವಾರ ರಾತ್ರಿ ಶಿವಮೊಗ್ಗದಿಂದ ಮೈಸೂರಿನ ರೈಲು ಹತ್ತುತ್ತೇವೆ. ಬೆರಾ ಮಾಡುವ ದಿನ ಮಗುವನ್ನು ಬೇಗ ಎಬ್ಬಿಸಿ, ಅಲ್ಲಿಗೆ ಹೋಗುವವರೆಗೆ ನಿದ್ದೆ ಮಾಡಲು ಬಿಡಬೇಡಿ ಎಂದು ಹೇಳಿದ್ದಾರೆ. ನಮ್ಮವರು ತೋಟದ ಕೆಲಸವನ್ನು ತಮ್ಮನಿಗೆ ಒಪ್ಪಿಸಿದ್ದಾರೆ. ಅತ್ತೆಯೂ ಬರುತ್ತಿದ್ದಾರೆ, ಬೆಳಗಿನ ಜಾವದಿಂದ ಅವನನ್ನು ಎತ್ತಿಕೊಂಡು ಆಡಿಸುವ ಕೆಲಸ ತಮ್ಮದು ಎಂದಿದ್ದಾರೆ.