ಹೆಲ್ಸಿಂಗ್ ನೋಡಿದವರು ಹೇಳಿ: ಹಳೆಯದಾ, ಅಲ್ಟಿಮೇಟಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವ್ಯಾಂಪೈರ್ ಕಥೆ ಅಂದ್ರೆ ನನಗೆ ತುಂಬಾ ಇಷ್ಟ. ಅನಿಮೆಯಲ್ಲಿ (ಜಪಾನಿನ ಆನಿಮೇಷನ್) ಡೆತ್ ನೋಟ್, ಡೀಮನ್ ಸ್ಲೇಯರ್ ನೋಡಿದ್ದೇನೆ. ಈಗ ಹೆಲ್ಸಿಂಗ್ ಶುರು ಮಾಡೋಣ ಅಂತಿದ್ದೇನೆ. ಹುಡುಕಿದರೆ ಎರಡು ಸಿಗುತ್ತಿವೆ. ಒಂದು 2001ರ ಟಿವಿ ಸರಣಿ, ಇನ್ನೊಂದು ಹೆಲ್ಸಿಂಗ್ ಅಲ್ಟಿಮೇಟ್. ಯಾವುದು ನೋಡಲಿ? ಏನು ಚೆನ್ನಾಗಿದೆ, ಎಲ್ಲಿ ಬೇಸರ ಆಗುತ್ತೆ? ಫಸ್ಟ್ ಪಿಯುಸಿ ಓದುವ ತಮ್ಮನೂ ಜೊತೆಗೆ ಕೂರುತ್ತಾನೆ, ಅವನಿಗೆ ತೋರಿಸಬಹುದಾ? ದಯವಿಟ್ಟು ಕೊನೆಯಲ್ಲಿ ಏನಾಗುತ್ತೆ ಅಂತ ಹೇಳಬೇಡಿ.

ಉತ್ತರ:
ಅಲ್ಟಿಮೇಟ್ ನೋಡಿ. ಕಥೆ ಪೂರ್ತಿ ಇರೋದು ಅದರಲ್ಲೇ. ತಮ್ಮನಿಗೆ ಮಾತ್ರ ಬೇಡ.

ಉತ್ತರ:
ಎರಡು ಯಾಕಿವೆ ಅಂತ ಗೊತ್ತಾದರೆ ಆರಿಸೋದು ಸುಲಭ. ಕೋಟಾ ಹಿರಾನೊ ಅವರ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಶುರುವಾಗಿದ್ದು 1997ರಲ್ಲಿ, ಮುಗಿದಿದ್ದು 2008ರಲ್ಲಿ. ಗೊಂಜೊ ಸ್ಟುಡಿಯೋ 2001ರಲ್ಲಿ ಟಿವಿಗೆ ಮಾಡುವಾಗ ಕಥೆಯ ಸ್ವಲ್ಪ ಭಾಗ ಮಾತ್ರ ಹೊರಬಂದಿತ್ತು. ಹಾಗಾಗಿ 13 ಕಂತುಗಳಲ್ಲಿ ಕೊನೆಕೊನೆಗೆ ಅವರದ್ದೇ ಕಥೆ, ಅವರದ್ದೇ ಖಳನಾಯಕ. ಅಲ್ಟಿಮೇಟ್ 2006ರಿಂದ 2012ರವರೆಗೆ ಹತ್ತು ಭಾಗಗಳಲ್ಲಿ ಬಂತು. ಅದು ಮಾಂಗಾವನ್ನೇ ಹಿಡಿದು ಹೋಗುತ್ತದೆ.

ಕಥೆ ಇಷ್ಟು. ಬ್ರಿಟನ್ನಿನಲ್ಲಿ ವ್ಯಾಂಪೈರ್‌ಗಳನ್ನು ಬೇಟೆಯಾಡುವ ಒಂದು ಗುಪ್ತ ಸಂಸ್ಥೆ. ಅದರ ಮುಖ್ಯಸ್ಥೆ ಇಂಟಿಗ್ರಾ. ಅವಳ ಕೈಯಲ್ಲಿರುವ ದೊಡ್ಡ ಅಸ್ತ್ರವೂ ಒಬ್ಬ ವ್ಯಾಂಪೈರೇ, ಅಲುಕಾರ್ಡ್. ಮೊದಲ ಭಾಗದಲ್ಲೇ ಒಂದು ದೃಶ್ಯವಿದೆ. ಹಳ್ಳಿಯೊಂದಕ್ಕೆ ಹೋದ ಪೊಲೀಸರೆಲ್ಲ ಸತ್ತು, ನಡೆದಾಡುವ ಹೆಣಗಳಾಗಿದ್ದಾರೆ. ಉಳಿದವಳು ಸೆರಾಸ್ ಎಂಬ ಹುಡುಗಿ ಒಬ್ಬಳೇ. ಪಾದ್ರಿ ವೇಷದ ವ್ಯಾಂಪೈರ್ ಅವಳನ್ನು ಎದುರಿಗೆ ಹಿಡಿದು ನಿಂತಿದ್ದಾನೆ. ಅಲುಕಾರ್ಡ್ ಅವಳ ಎದೆಯ ಮೂಲಕವೇ ಗುಂಡು ಹಾರಿಸಿ ಅವನನ್ನು ಕೊಲ್ಲುತ್ತಾನೆ. ಆಮೇಲೆ ಸಾಯುತ್ತಿರುವ ಅವಳ ಹತ್ತಿರ ಬಂದು, ನನ್ನ ಜೊತೆ ಬರ್ತೀಯಾ ಅಂತ ಕೇಳುತ್ತಾನೆ. ಅವಳು ಬದುಕಬೇಕಾದರೆ ಅವನಂತೆ ಆಗಬೇಕು. ಅವಳನ್ನು ಉಳಿಸಿದವನೂ ಅವನೇ, ಕೊಂದವನೂ ಅವನೇ! ಈ ದೃಶ್ಯ ನಿಮ್ಮನ್ನು ಹಿಡಿದರೆ ಮುಂದೆ ಹೋಗಿ. ಹಿಡಿಯದಿದ್ದರೆ ಈ ಸರಣಿ ನಿಮಗಲ್ಲ.

ನನ್ನ ಮಟ್ಟಿಗೆ ಇದರ ಜೀವ ಇರೋದು ಸೆರಾಸ್ ಹತ್ತಿರ. ಮುಂದೆ ರಕ್ತದ ಪ್ಯಾಕೆಟ್ ಇಟ್ಟರೂ ಅವಳಿಗೆ ಕುಡಿಯೋಕೆ ಆಗಲ್ಲ. ಹಸಿವಿದೆ, ಕುಡಿಯದಿದ್ದರೆ ಸೊರಗುತ್ತಾಳೆ, ಆದರೂ ಕೈ ಮುಂದೆ ಹೋಗಲ್ಲ. ಕುಡಿದರೆ ತಾನು ಮನುಷ್ಯಳಲ್ಲ ಅಂತ ಒಪ್ಪಿಕೊಂಡ ಹಾಗೆ ಅಲ್ವಾ? ಈ ಎಳೆ ನಿಧಾನಕ್ಕೆ ಬೆಳೆದು ಏಳನೇ ಭಾಗದಲ್ಲಿ ಒಂದು ಕಡೆ ಬಂದು ಮುಟ್ಟುತ್ತದೆ. ಅದೇನು ಅಂತ ಹೇಳಲ್ಲ. ಇಡೀ ಸರಣಿಯಲ್ಲಿ ನಾನು ಅತ್ತಿದ್ದು ಅಲ್ಲೇ.

ಉತ್ತರ:
2001ರದ್ದನ್ನು ಎಲ್ಲರೂ ತಳ್ಳಿಹಾಕುತ್ತಾರೆ, ನನಗೆ ಬೇಜಾರಾಗುತ್ತೆ. ಭಯ ಬೇಕು ಅಂದ್ರೆ ಅದೇ ಸರಿ. ಬಣ್ಣ ಮಂಕು, ರಾತ್ರಿ ಜಾಸ್ತಿ, ಮಾತು ಕಡಿಮೆ. ಯಸುಶಿ ಇಶಿಯಿ ಅವರ ಸಂಗೀತ ಕೇಳೋಕಾದರೂ ನೋಡಬೇಕು. ಗಿಟಾರ್ ಬಿದ್ದ ತಕ್ಷಣ ಬೇರೆಯದೇ ಲೋಕ. ಕಂತಿನ ಕೊನೆಗೆ ಬರುವ ಹಾಡು ಅಮೆರಿಕದ ಮಿಸ್ಟರ್ ಬಿಗ್ ಬ್ಯಾಂಡ್‌ನದ್ದು. ಅಲ್ಲಿ ಅಲುಕಾರ್ಡ್ ಜಾಸ್ತಿ ಮಾತಾಡಲ್ಲ, ಹಾಗಾಗಿ ಅವನು ಎದುರಿಗೆ ಬಂದರೆ ನಿಜವಾಗಲೂ ಹೆದರಿಕೆ ಆಗುತ್ತೆ.

ಕೊರತೆ ಇಲ್ಲ ಅನ್ನಲ್ಲ. ಅರ್ಧ ದಾಟಿದ ಮೇಲೆ ಚಿತ್ರಗಳು ಸೊರಗುತ್ತವೆ, ಕಾದಾಟಗಳಲ್ಲಿ ಚಲನೆ ಕಮ್ಮಿ. ಇನ್‌ಕಾಗ್ನಿಟೋ ಅಂತ ಒಬ್ಬ ಖಳ ಬರುತ್ತಾನೆ. ಬರೋದೂ ತಡ, ಬಂದ ಮೇಲೂ ಅವನು ಯಾರು, ಯಾಕೆ ಬಂದ ಅಂತ ಮನಸ್ಸಿಗೆ ಇಳಿಯಲ್ಲ. ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಿಗದೆ ಸರಣಿ ನಿಂತುಬಿಡುತ್ತದೆ. ಆದರೂ ಮೊದಲ ಆರೇಳು ಕಂತು ನೋಡಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಉತ್ತರ:
ಅಲ್ಟಿಮೇಟ್‌ನ ಕೊರತೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಲುಕಾರ್ಡ್‌ಗೆ ಸೋಲೇ ಇಲ್ಲ. ತಲೆ ಹೋದರೂ ಎದ್ದು ಬರುತ್ತಾನೆ. ಎರಡನೇ ಭಾಗದ ಹೊತ್ತಿಗೆ ಗೊತ್ತಾಗಿಬಿಡುತ್ತೆ, ಇವನಿಗೆ ಏನೂ ಆಗಲ್ಲ ಅಂತ. ಆಮೇಲೆ ಅವನ ಜಗಳದಲ್ಲಿ ಆತಂಕ ಎಲ್ಲಿಂದ ಬರಬೇಕು?

ಇನ್ನೊಂದು, ಹಾಸ್ಯ. ಗಂಭೀರವಾದ ದೃಶ್ಯದ ನಡುವೆ ಪಾತ್ರಗಳೆಲ್ಲ ಪುಟ್ಟ ಕಾರ್ಟೂನ್ ಆಗಿ ಕಿರುಚಾಡುತ್ತವೆ. ಮಾಂಗಾದಲ್ಲೂ ಇದೆ, ನಿಜ. ಆದರೆ ತೆರೆಯ ಮೇಲೆ ಪಾಯಸದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತೆ. ಸ್ಟುಡಿಯೋ ಕೂಡ ಎರಡು ಸಲ ಬದಲಾಗಿದೆ: ಮೊದಲ ನಾಲ್ಕು ಭಾಗ ಸ್ಯಾಟೆಲೈಟ್, ಆಮೇಲೆ ಮ್ಯಾಡ್‌ಹೌಸ್, ಕೊನೆಯ ಮೂರು ಗ್ರಾಫಿನಿಕಾ. ಒಂದೇ ವಾರದಲ್ಲಿ ನೋಡಿದರೆ ಮುಖದ ಗೆರೆ, ಬಣ್ಣ ಬೇರೆಯಾಗೋದು ಕಣ್ಣಿಗೆ ಬೀಳುತ್ತೆ.

ಉತ್ತರ:
ಮೇಲಿನವರಿಗೆ: ಅಲುಕಾರ್ಡ್‌ಗೆ ಸೋಲಿಲ್ಲ ಅನ್ನೋದು ನಿಜ, ಆದರೆ ಕಥೆ ಹೇಳೋಕೆ ಹೊರಟಿರೋದೂ ಅದನ್ನೇ. ರಾಕ್ಷಸನನ್ನು ಕೊಲ್ಲೋಕೆ ಮನುಷ್ಯನಿಂದ ಮಾತ್ರ ಸಾಧ್ಯ ಅಂತ ಅವನೇ ನಂಬಿದ್ದಾನೆ. ಅಂಥ ಮನುಷ್ಯನಿಗಾಗಿ ಕಾಯುತ್ತಿದ್ದಾನೆ. ವ್ಯಾಟಿಕನ್‌ನ ಪಾದ್ರಿ ಆಂಡರ್ಸನ್ ಎರಡೂ ಕೈಯಲ್ಲಿ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ) ಹಿಡಿದು ಬಂದಾಗ ಅಲುಕಾರ್ಡ್ ಮುಖದಲ್ಲಿ ಬರುವ ಸಂತೋಷ ಗಮನಿಸಿ. ಅದು ಗೆಲ್ಲುವವನ ಸಂತೋಷ ಅಲ್ಲ, ಸರಿಯಾದವನು ಸಿಕ್ಕ ಸಂತೋಷ. ಆತಂಕ ಅವನ ಬಗ್ಗೆ ಅಲ್ಲ, ಸುತ್ತಲಿನ ಮನುಷ್ಯರ ಬಗ್ಗೆ. ಅವರು ಸಾಯುತ್ತಾರೆ.

ಖಳನಾಯಕನೂ ಹಾಗೇ. ಮೇಜರ್ ಅಂತ ಕುಳ್ಳ, ದಪ್ಪ ದೇಹದ, ಕನ್ನಡಕದ ನಾತ್ಸಿ. ನಾಲ್ಕನೇ ಭಾಗದಲ್ಲಿ ತನ್ನ ಸೈನಿಕರ ಮುಂದೆ ನಿಂತು, ನನಗೆ ಯುದ್ಧ ಅಂದ್ರೆ ಪ್ರೀತಿ ಅಂತ ಭಾಷಣ ಮಾಡುತ್ತಾನೆ. ಕಂಠ ಕೊಟ್ಟವರು ನೊಬುವೊ ಟೊಬಿಟಾ. ಮೆಲ್ಲಗೆ ಶುರುವಾಗಿ ಏರುತ್ತಾ ಹೋಗುವ ಆ ಮಾತು ಕೇಳುತ್ತಾ ಮೈ ಜುಮ್ಮೆನ್ನುತ್ತೆ, ಅದೇ ಹೊತ್ತಿಗೆ ಹೇಸಿಗೆಯೂ ಆಗುತ್ತೆ. ಅಷ್ಟು ಚೆನ್ನಾಗಿ ಬರೆದಿದ್ದಾರೆ. ಚಿಕ್ಕವರಿಗೆ ಇದನ್ನು ತೋರಿಸುವಾಗ ಯೋಚಿಸಬೇಕಾದ್ದೂ ಇದಕ್ಕೇ. ರಕ್ತಕ್ಕಿಂತ ಈ ಭಾಷಣದ ಸೊಗಸು ಅಪಾಯ. ನಾತ್ಸಿಗಳು ನಿಜವಾಗಿ ಏನು ಮಾಡಿದರು ಅಂತ ಗೊತ್ತಿಲ್ಲದವರಿಗೆ ಸಮವಸ್ತ್ರದ ಗತ್ತು ಮಾತ್ರ ಕಾಣುತ್ತೆ.

ಉತ್ತರ:
ತಮ್ಮನ ವಿಷಯ. ನಾನೂ ಇಬ್ಬರು ಮಕ್ಕಳ ತಾಯಿ, ಅನಿಮೆ ನೋಡುತ್ತೇನೆ. ಡೀಮನ್ ಸ್ಲೇಯರ್‌ನಲ್ಲಿ ತಲೆ ಹಾರುತ್ತೆ ಅಂತ ಇದನ್ನೂ ಹಾಗೇ ಅಂದುಕೊಳ್ಳಬೇಡಿ. ಇಲ್ಲಿ ದೇಹ ಛಿದ್ರವಾಗೋದನ್ನು ನಿಧಾನವಾಗಿ, ಹತ್ತಿರದಿಂದ ತೋರಿಸುತ್ತಾರೆ. ಎರಡನೇ ಭಾಗದಲ್ಲಿ ಮನೆಗೆ ನುಗ್ಗುವ ಅಣ್ಣತಮ್ಮಂದಿರಲ್ಲಿ ಕಿರಿಯವನ ಬಾಯಿ ತೀರಾ ಕೊಳಕು. ಹೆಂಗಸರನ್ನು ಹಿಂಸಿಸುವ ದೃಶ್ಯಗಳೂ ಬರುತ್ತವೆ. ಪಿಯುಸಿ ಹುಡುಗನಿಗೆ ಬೇಡ ಅನ್ನೋದೇ ನನ್ನ ಮಾತು. ಅವನ ಜೊತೆ ಕೂತು ನೋಡೋಕೆ ಸೆರಾಫ್ ಆಫ್ ದಿ ಎಂಡ್ ಇದೆ. 2015ರಲ್ಲಿ ವಿಟ್ ಸ್ಟುಡಿಯೋ ಮಾಡಿದ್ದು, 24 ಕಂತು. ಅದರಲ್ಲೂ ವ್ಯಾಂಪೈರ್, ಕತ್ತಿ, ಸಾವು ಎಲ್ಲ ಇದೆ, ಆದರೆ ಅದು ಹದಿಹರೆಯದವರ ಕಥೆ. ಅಲ್ಟಿಮೇಟ್ ನೀವೊಬ್ಬರೇ ನೋಡಿ.

ಉತ್ತರ:
ಒಂದು ಸಣ್ಣ ಸಲಹೆ. ಕಥೆ ಇಂಗ್ಲೆಂಡಿನದ್ದು, ಹಾಗಾಗಿ ಇಂಗ್ಲಿಷ್ ಡಬ್ಬಿಂಗ್ ಕೃತಕ ಅನ್ನಿಸಲ್ಲ. ಕ್ರಿಸ್ಪಿನ್ ಫ್ರೀಮನ್ ಅವರ ಅಲುಕಾರ್ಡ್ ಅದ್ಭುತ. ಆದರೆ ಮೇಜರ್ ಭಾಷಣವನ್ನು ಜಪಾನಿ ಭಾಷೆಯಲ್ಲೇ ಕೇಳಿ. ದಿನಕ್ಕೊಂದು ಭಾಗ ಸಾಕು, ಒಂದೊಂದೂ ಹೆಚ್ಚುಕಮ್ಮಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇದೆ. ಏಳನೇ ಭಾಗದ ಮರುದಿನ ಏನೂ ನೋಡಬೇಡಿ, ಸುಮ್ನೆ ಬಿಡಿ. ಎಂಟರಲ್ಲಿ ಎಲ್ಲರೂ ಒಟ್ಟಿಗೆ ಲಂಡನ್ನಿಗೆ ಬಂದು ಇಳಿಯುತ್ತಾರೆ, ಅದಕ್ಕೆ ತಲೆ ಖಾಲಿ ಇರಬೇಕು.